‘ಗ್ಯಾಂಟ್ಸ್’ನ 37 ಸಂಪುಟಗಳನ್ನೂ ಒಟ್ಟಿಗೆ ಕೊಳ್ಳಬೇಡಿ

ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಓದುವ ಗೆಳೆಯರಿಗೆ ಒಂದು ಮಾತು. ‘ಗ್ಯಾಂಟ್ಸ್’ ಶುರು ಮಾಡಬೇಕು ಅಂತಿದ್ದರೆ ಇಡೀ ಸರಣಿಯನ್ನು ಒಂದೇ ಸಲ ತರಿಸಿಕೊಳ್ಳಬೇಡಿ. ನಾನು ಕೊನೆಯವರೆಗೂ ಓದಿದೆ. ಕೊನೆಯ ಸಂಪುಟಗಳಿಗೆ ಬರುವಷ್ಟರಲ್ಲಿ ಬೇಸರಕ್ಕಿಂತ ಸಂಕಟವೇ ಜಾಸ್ತಿಯಾಯಿತು. ಯಾಕೆಂದರೆ ಮೊದಲರ್ಧ ಅಷ್ಟು ಚೆನ್ನಾಗಿದೆ. ಏನು ಕೆಟ್ಟಿತು ಅಂತ ಹೇಳಲು ಕಥೆಯ ಗುಟ್ಟನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಹಿರೋಯಾ ಓಕು ಅವರ ಈ ಸರಣಿ 2000ರಿಂದ 2013ರವರೆಗೆ ಜಪಾನಿನ ‘ವೀಕ್ಲಿ ಯಂಗ್ ಜಂಪ್’ ವಾರಪತ್ರಿಕೆಯಲ್ಲಿ ಬಂತು. ರೈಲು ಹಳಿಗೆ ಬಿದ್ದ ಕುಡುಕನನ್ನು ಕಾಪಾಡಲು ಹೋಗಿ ಕುರೊನೊ, ಕಾಟೊ ಎಂಬ ಇಬ್ಬರು ಹುಡುಗರು ಸಾಯುತ್ತಾರೆ. ಕಣ್ಣು ಬಿಟ್ಟರೆ ಟೋಕಿಯೋದ ಒಂದು ಅಪಾರ್ಟ್‌ಮೆಂಟ್. ಕೋಣೆಯಲ್ಲಿ ದೊಡ್ಡದೊಂದು ಕಪ್ಪು ಗೋಳ. ಅದರಿಂದ ಬೆಳಗಿನ ರೇಡಿಯೋ ವ್ಯಾಯಾಮದ ಲವಲವಿಕೆಯ ಹಾಡು ಕೇಳಿಸುತ್ತದೆ. ಹಿಂದೆಯೇ, ಇಂಥ ಏಲಿಯನ್‌ನನ್ನು ಕೊಂದು ಬನ್ನಿ ಅಂತ ಹುಕುಂ. ಬದುಕಿ ಬಂದವರಿಗೆ ಗೋಳ ಅಂಕ ಕೊಡುತ್ತದೆ, ಜೊತೆಗೆ ಅಣಕಿಸಿ ಒಂದು ಸಾಲು ಬರೆಯುತ್ತದೆ. 100 ಅಂಕ ಆದರೆ ಬಿಡುಗಡೆ ಕೇಳಬಹುದು, ಇನ್ನೂ ಬಲವಾದ ಆಯುಧ ಕೇಳಬಹುದು, ಇಲ್ಲವೇ ಸತ್ತವರೊಬ್ಬರನ್ನು ಬದುಕಿಸಿಕೊಳ್ಳಬಹುದು.

ಕಥೆಯ ಜೀವ ಇರುವುದೇ ಈ ಲೆಕ್ಕದಲ್ಲಿ. ದೇವಸ್ಥಾನದ ಬುದ್ಧನ ವಿಗ್ರಹಗಳು ಎದ್ದು ಬರುವ ಭಾಗದಲ್ಲಿ ತಂಡಕ್ಕೆ ತಂಡವೇ ಸತ್ತು ಕುರೊನೊ ಒಬ್ಬನೇ ಉಳಿಯುತ್ತಾನೆ. ಅಲ್ಲಿ ಪುಟ ತಿರುಗಿಸಲೂ ಭಯವಾಗುತ್ತದೆ. ಒಸಾಕಾ ನಗರದಲ್ಲಿ ನಡೆಯುವ ಭಾಗ ಅದಕ್ಕಿಂತಲೂ ಮೇಲು. ಹೊಡೆದಷ್ಟೂ ರೂಪ ಬದಲಿಸುವ ನುರಾರಿಹ್ಯೋನ್ ಎಂಬ ಮುದುಕನ ಜೊತೆಗಿನ ಕಾಳಗವನ್ನು ಓದಲು ಕೂತರೆ ಏಳಲಾಗುವುದಿಲ್ಲ.

ಆಮೇಲೆ ಹಿಡಿತ ತಪ್ಪುತ್ತದೆ. ರೇಯ್ಕಾ ಎಂಬ ಹುಡುಗಿ, ಬದುಕಿರುವ ಕುರೊನೊನ ಇನ್ನೊಂದು ಪ್ರತಿಯನ್ನೇ ಅಂಕ ಕೊಟ್ಟು ಪಡೆಯುತ್ತಾಳೆ. ಅಲ್ಲಿಗೆ ಸಾವಿನ ಭಯ ಹೋಯಿತು ಅಲ್ವಾ? ರಕ್ತಪಿಶಾಚಿಗಳ ಒಂದು ಗುಂಪನ್ನು ಅಷ್ಟು ಸಂಪುಟಗಳಿಂದ ಬೆಳೆಸಿಕೊಂಡು ಬಂದು, ಸರಿಯಾದ ಮುಕ್ತಾಯ ಕೊಡದೆ ಸುಮ್ನೆ ಬಿಟ್ಟಿದ್ದಾರೆ. ಕೊನೆಗೆ ದೈತ್ಯ ಏಲಿಯನ್‌ಗಳು ಭೂಮಿಯ ಮೇಲೆಯೇ ದಂಡೆತ್ತಿ ಬರುತ್ತಾರೆ. ಯುದ್ಧ ಶುರುವಾದ ಮೇಲೆ ಅಂಕಗಳಿಗೆ ಬೆಲೆಯೇ ಇಲ್ಲ. ಕಥೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಹರಿದುಹೋಗುತ್ತದೆ. ಪುಟಗಟ್ಟಲೆ ಹಡಗು, ಸ್ಫೋಟ, ಓಟ. ಚಿತ್ರಗಳೇನೋ ಅದ್ಭುತ, ಆದರೆ ಯಾರು ಸತ್ತರೂ ಎದೆಗೆ ತಾಗುವುದಿಲ್ಲ. ಇದಕ್ಕೆಲ್ಲ ಕಾರಣ ಏನು ಅನ್ನುವುದನ್ನೂ ಪಾತ್ರಗಳನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ ಮಾತಿನಲ್ಲೇ ಹೇಳಿ ಮುಗಿಸುತ್ತಾರೆ. ಅಷ್ಟು ವರ್ಷ ಕಾದ ಓದುಗರಿಗೆ ಇದು ಸಾಕೇ?

ಇನ್ನೊಂದು ವಿಷಯ. ರಕ್ತ, ನಗ್ನತೆ, ಲೈಂಗಿಕ ಹಿಂಸೆ ಎಲ್ಲವೂ ಇದರಲ್ಲಿ ಧಾರಾಳವಾಗಿವೆ. ಕಾಮಿಕ್ಸ್ ತಾನೇ ಅಂತ ಮಕ್ಕಳ ಕೈಗೆ ಖಂಡಿತ ಕೊಡಬೇಡಿ.

ಓದಲೇಬೇಕು ಅನ್ನುವವರು ಒಸಾಕಾ ಮುಗಿಯುವವರೆಗೆ ಕೊಳ್ಳಿ. ಮುಂದಿನದ್ದು ಯಾರ ಹತ್ತಿರವಾದರೂ ಸಿಕ್ಕರೆ ಎರವಲು ತಂದು ನೋಡಿ. ಅಷ್ಟೂ ಬೇಡ ಅನ್ನಿಸಿದರೆ, 2016ರ ‘ಗ್ಯಾಂಟ್ಸ್: ಓ’ ಅನಿಮೇಷನ್ ಚಿತ್ರ ಒಸಾಕಾದ ಕಥೆಯನ್ನೇ ಎತ್ತಿಕೊಂಡು ಒಂದೂವರೆ ಗಂಟೆಯಲ್ಲಿ ಹೇಳಿ ಮುಗಿಸುತ್ತದೆ.