ಕೈ ಆಡದವರಿಗೆ ಕಂಪ್ಯೂಟರ್: ಕಣ್ಣಿನ ನೋಟವೋ, ಮುಖದ ಸ್ನಾಯುವೋ?

ಕೈ ಆಡದ ತಂದೆಯವರಿಗೆ ಕಂಪ್ಯೂಟರ್ ನಡೆಸಲು ಕಣ್ಣಿನ ನೋಟದಿಂದ ಓಡುವ ಸಾಧನ ಕೊಡಿಸಲೋ, ಮುಖದ ಸ್ನಾಯುವಿನಿಂದ ಓಡುವುದೋ ಎಂದು ಕೇಳಿದ್ದೀರಿ. ಅದು ಅವರ ಕಾಯಿಲೆ ಯಾವುದು ಎನ್ನುವುದರ ಮೇಲೆ ನಿಂತಿದೆ.

ವೇಗ ಬೇಕಾದರೆ ಕಣ್ಣೇ ಮುಂದು. ಪರದೆಯ ಕೆಳಗಿನ ಐ ಟ್ರ್ಯಾಕರ್ ಇನ್‌ಫ್ರಾರೆಡ್ ಬೆಳಕಿನಲ್ಲಿ ಪಾಪೆಯನ್ನು ಹಿಂಬಾಲಿಸುತ್ತದೆ. ನೋಡಿದಲ್ಲಿಗೆ ಕರ್ಸರ್ ಹೋಗುತ್ತದೆ. ತೊಂದರೆ ಇರುವುದು ಕ್ಲಿಕ್ಕಿನಲ್ಲಿ. ಒಂದೇ ಕಡೆ ದಿಟ್ಟಿಸಿದರೆ ಒತ್ತಿದಂತೆ ಲೆಕ್ಕ, ಹಾಗಾಗಿ ಸುಮ್ನೆ ಓದುತ್ತಿದ್ದರೂ ಏನೋ ತೆರೆದುಕೊಳ್ಳುತ್ತದೆ. ಕಣ್ಣಿಗೆ ಆಯಾಸವೂ ಜಾಸ್ತಿ. ಕಿಟಕಿಯ ಬಿಸಿಲು ಬಿದ್ದರೆ ಗುರಿ ತಪ್ಪಬಹುದು.

ಸ್ನಾಯುವಿನದ್ದಾದರೆ ಹುಬ್ಬಿನ ಮೇಲೋ ದವಡೆಗೋ ಎಲೆಕ್ಟ್ರೋಡ್ (ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುವ ಪುಟ್ಟ ಪಟ್ಟಿ) ಅಂಟಿಸಬೇಕು. ಹುಬ್ಬು ಏರಿಸಿದರೆ ಕ್ಲಿಕ್, ಅದು ಖಚಿತ. ಕರ್ಸರ್ ಓಡಿಸುವುದು ಮಾತ್ರ ನಿಧಾನ. ದಿನಾ ಚರ್ಮ ಒರೆಸಿ ಅಂಟಿಸಲು ಮನೆಯಲ್ಲಿ ಒಬ್ಬರು ಬೇಕು, ಬೆವರಿದರೆ ಕಿತ್ತು ಬರುತ್ತದೆ. ದವಡೆಗಿಂತ ಹುಬ್ಬು ವಾಸಿ. ದವಡೆಗೆ ಹಾಕಿದರೆ ಅಗಿಯುವಾಗಲೂ ಕ್ಲಿಕ್ ಆಗುತ್ತದೆ.

ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿ ಐಫೋನ್ 12 ಅಥವಾ ಅದಕ್ಕಿಂತ ಹೊಸದಿದ್ದರೆ ಐಒಎಸ್ 18ರ ಐ ಟ್ರ್ಯಾಕಿಂಗ್ ಹಾಕಿ ನೋಡಿ, ಬೇರೆ ಸಾಧನ ಬೇಡ.

ಎಎಲ್‌ಎಸ್ (ನರಗಳು ಸೋತು ಸ್ನಾಯುಗಳು ಕ್ರಮೇಣ ಬಲ ಕಳೆದುಕೊಳ್ಳುವ ಕಾಯಿಲೆ) ಆದರೆ ಕಣ್ಣನ್ನೇ ನಂಬಿ. ಮುಖದ ಸ್ನಾಯು ಸೋತ ಮೇಲೂ ಕಣ್ಣಿನ ಚಲನೆ ಸಾಮಾನ್ಯವಾಗಿ ಉಳಿಯುತ್ತದೆ. ಕಣ್ಣುಗುಡ್ಡೆ ಅದುರುವವರಿಗೆ ಸ್ನಾಯುವೇ ಸರಿ. ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಮುಖ ಚೆನ್ನಾಗಿದ್ದರೆ ಎರಡನ್ನೂ ಜೋಡಿಸಿ: ಗುರಿ ನೋಟದಿಂದ, ಕ್ಲಿಕ್ ಹುಬ್ಬಿನಿಂದ.