ಯುಪಿಐ ಕ್ಯೂಆರ್ ಮತ್ತು ಸೌಂಡ್‌ಬಾಕ್ಸ್: ಕಾಂಡಿಮೆಂಟ್ಸ್ ಅಂಗಡಿಯಿಂದ ಒಂದು ವಿಮರ್ಶೆ

ಬೆಂಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಂಡಿಮೆಂಟ್ಸ್ ಅಂಗಡಿ. ಹಾಲು, ಬ್ರೆಡ್, ಬಿಸ್ಕತ್ತು, ಸಿಗರೇಟು ಮಾರುತ್ತೇವೆ. ಕೋವಿಡ್ ಸಮಯದಿಂದ ಕ್ಯೂಆರ್ ಇದೆ, ಆಮೇಲೆ ಸೌಂಡ್‌ಬಾಕ್ಸ್ ಬಂತು. 5ಕ್ಕೆ 3 ಸ್ಟಾರ್ ಕೊಡುತ್ತೇನೆ.

ಡಬ್ಬ ಚೆನ್ನಾಗಿದೆ. ದುಡ್ಡು ಬಂದರೆ ಕನ್ನಡದಲ್ಲೇ ಕೂಗುತ್ತದೆ. ಬೆಳಿಗ್ಗೆ ಹಾಲಿನ ರಶ್‌ನಲ್ಲಿ ಯಾರ ಮೊಬೈಲನ್ನೂ ಇಣುಕಿ ನೋಡಬೇಕಿಲ್ಲ. ಚಿಲ್ಲರೆ ಜಗಳ ನಿಂತಿದೆ. ಬ್ಯಾಂಕ್ ಖಾತೆಯಿಂದ ಬರುವ ಪೇಮೆಂಟಿಗೆ 2020ರ ಜನವರಿಯಿಂದ ವ್ಯಾಪಾರಿಗೆ ಕಮಿಷನ್ ಇಲ್ಲ. ಡಬ್ಬದ ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ ಆಗುತ್ತದೆ. ನೆಟ್‌ವರ್ಕ್ ಹೋದರೆ ಡಬ್ಬ ಮೂಗನ ಹಾಗೆ ಕೂರುತ್ತದೆ.

ಎರಡು ಸ್ಟಾರ್ ಕಡಿಮೆ ಮಾಡಿದ್ದು ಸ್ಟೇಟ್‌ಮೆಂಟಿಗೆ. ಎಷ್ಟು ಬಂತು ಅಂತ ಅದರಲ್ಲಿರುತ್ತದೆ, ಯಾತಕ್ಕೆ ಬಂತು ಅಂತ ಇರುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ ಇದರ ಬಿಸಿ ತಟ್ಟಿತು. ನಮ್ಮ ರಸ್ತೆಯಲ್ಲೂ 'ನೋ ಯುಪಿಐ, ಓನ್ಲಿ ಕ್ಯಾಶ್' ಬೋರ್ಡುಗಳು ಬಂದವು. ಹಳೆ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ಯುಪಿಐಗೆ ತೆರಿಗೆ ಅಂತ ಏನೂ ಇಲ್ಲ. ತೆರಿಗೆ ಮಾರಿದ ಮಾಲಿಗೆ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. 40 ಲಕ್ಷ ಅಂದರೆ ಸಾಹುಕಾರ ಅನ್ನಿಸುತ್ತದೆ, ಅಲ್ವಾ? ದಿನಕ್ಕೆ 11 ಸಾವಿರ, ಅಷ್ಟೇ. ಅದರಲ್ಲಿ ಹಾಲಿನ ದುಡ್ಡೇ ಜಾಸ್ತಿ, ಲಾಭ ಪುಡಿಗಾಸು. ಹಾಲಿಗೆ ಜಿಎಸ್‌ಟಿ ಇಲ್ಲ, ಬ್ರೆಡ್ಡಿಗೂ ಇಲ್ಲ, ಪಕ್ಕದಲ್ಲೇ ಇಟ್ಟ ಪ್ಯಾಕೆಟ್ ಮೊಸರಿಗೆ 5%. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲು ಮಾತ್ರ ಮಾರಿದರೆ ನೋಂದಣಿಯೇ ಬೇಡ. ಜೊತೆಗೆ ಬಿಸ್ಕತ್ತು ಮಾರಿದಿರೋ, ಆ ಹಾಲಿನ ದುಡ್ಡೂ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಇದರ ಮೇಲೆ ಕೈಸಾಲ, ಚೀಟಿ ದುಡ್ಡು, 'ಅಣ್ಣ, ಐನೂರು ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡಿ' ಅನ್ನುವವರ ದುಡ್ಡು. ಡಬ್ಬಕ್ಕೆ ಎಲ್ಲವೂ ಒಂದೇ.

ನಾನು ಕ್ಯೂಆರ್ ತೆಗೆದಿಲ್ಲ. ಕ್ಯಾಶ್ ಅಂದರೆ ಹುಡುಗರು ಮುಂದಿನ ಅಂಗಡಿಗೆ ಹೋಗುತ್ತಾರೆ. ಈಗ ಅಂಗಡಿಗೇ ಬೇರೆ ಖಾತೆ ಇದೆ, ಹಾಲಿನ ಏಜೆಂಟ್ ಬಿಲ್ಲುಗಳನ್ನೂ ಎತ್ತಿಡುತ್ತೇನೆ. ನೋಂದಣಿ ಮಾಡಿಸುವವರು ಆಡಿಟರ್ ಹತ್ತಿರ ಕಾಂಪೊಸಿಷನ್ ಸ್ಕೀಮ್ ಕೇಳಿ. ವರ್ಷಕ್ಕೆ 1.5 ಕೋಟಿ ಒಳಗಿನ ವ್ಯಾಪಾರಿಗಳು ತೆರಿಗೆ ಬೀಳುವ ಮಾಲಿನ ಮೇಲೆ 1% ಕಟ್ಟಿದರೆ ಸಾಕು, ಆದರೆ ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ.

ಆ್ಯಪ್‌ನವರು ಪ್ರತಿ ಪೇಮೆಂಟಿನ ಪಕ್ಕ 'ಹಾಲು', 'ಕೈಸಾಲ' ಅಂತ ಗುರುತು ಹಾಕಲು ಒಂದು ಬಟನ್ ಕೊಟ್ಟರೆ ನಾಲ್ಕನೇ ಸ್ಟಾರ್ ಕೊಡುತ್ತೇನೆ.