ಮಾಗಡಿ ಕಡೆ ತೋಟದ ತರಕಾರಿ ಷೇರು, ಮೂರು ವರ್ಷ ತಗೊಂಡ ಮೇಲೆ ಬರೀತಿರೋದು

ನಾವು ಬೆಂಗಳೂರಿನ ವಿಜಯನಗರದಲ್ಲಿರೋದು, ಮನೇಲಿ ಐದು ಜನ. ಮಾಗಡಿ ಕಡೆ ಒಂದು ಕುಟುಂಬದವರ ತೋಟದಿಂದ ಮೂರು ವರ್ಷದಿಂದ ತರಕಾರಿ ಷೇರು ತಗೊಳ್ತಿದೀವಿ. ಆರು ತಿಂಗಳಿಗೆ 13,000 ಮೊದಲೇ ಕಟ್ಟಬೇಕು, ಅಂದ್ರೆ ವಾರಕ್ಕೆ 500 ಬೀಳತ್ತೆ, ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಏರಿಯಾದಲ್ಲೇ ಒಬ್ಬರ ಮನೆ ಹತ್ರ ಚೀಲ ಇಳಿಸಿ ಹೋಗ್ತಾರೆ, ನಾವು ಹೋಗಿ ತರಬೇಕು. ಇದು ಬೇಕು ಅದು ಬೇಡ ಅನ್ನೋ ಹಾಗಿಲ್ಲ, ಆ ವಾರ ತೋಟದಲ್ಲಿ ಏನು ಬಂತೋ ಅದು. ತುಂಬಾ ಜನ ಕೇಳ್ತಿರ್ತಾರೆ ಅಷ್ಟು ದುಡ್ಡು ಕೊಟ್ರೆ ಗಿಟ್ಟತ್ತಾ ಅಂತ, ಅದಕ್ಕೆ ಒಂದ್ಸಲ ಬರೆದುಬಿಡೋಣ ಅಂತ ಕೂತೆ.

ಇದಕ್ಕೆ ಮುಂಚೆ ಬೇರೆ ಒಂದು ಕಡೆ ಸೇರಿದ್ವಿ, ಹೆಸರು ಬೇಡ. ಅಲ್ಲಿ ಹನ್ನೆರಡು ತಿಂಗಳೂ ಹೂಕೋಸು, ಕ್ಯಾಪ್ಸಿಕಂ, ಬೀನ್ಸ್ ಬರ್ತಿತ್ತು, ಎಲ್ಲಾ ಒಂದೇ ಸೈಜು, ಅವರ ತೋಟದಲ್ಲೇ ಬೆಳೆದದ್ದು ಅನ್ನಿಸ್ತಿರಲಿಲ್ಲ. ತೋಟ ನೋಡ್ಬೇಕು ಅಂದ್ರೆ ಮುಂದಿನ ವಾರ ಮುಂದಿನ ವಾರ ಅಂತ ತಳ್ಳಿದ್ರು, ಕೊನೆಗೆ ಉಳಿದ ದುಡ್ಡೂ ವಾಪಸ್ ಬರಲಿಲ್ಲ. ಹಾಗಾಗಿ ನಾನು ಹೇಳೋದು, ಯಾರ ಹತ್ರ ಸೇರಿದ್ರೂ ದುಡ್ಡು ಕಟ್ಟೋಕೆ ಮುಂಚೆ ಒಂದು ಭಾನುವಾರ ಹೋಗಿ ಹೊಲ ನೋಡ್ಕೊಂಡು ಬನ್ನಿ.

ಈಗಿನ ತೋಟಕ್ಕೆ ನಾವು ಮೊದಲು ಹೋಗಿದ್ದು ಅಕ್ಟೋಬರಲ್ಲಿ, ರಾಗಿ ತೆನೆ ಕಟ್ಟಿತ್ತು, ಮಧ್ಯೆ ಮಧ್ಯೆ ಅಕ್ಕಡಿ ಸಾಲಲ್ಲಿ (ರಾಗಿ ನಡುವೆ ಬೇರೆ ಬೆಳೆ ಬಿತ್ತೋ ಸಾಲು) ಅವರೆ, ತೊಗರಿ, ಅಲಸಂದೆ, ಅಂಚಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿತ್ತು. ನಮ್ಮತ್ತೆ ಕುಣಿಗಲ್ ಕಡೆಯವರು, ಬದು ಮೇಲೆ ನಿಂತು ಸುಮಾರು ಹೊತ್ತು ಮಾತೇ ಆಡಲಿಲ್ಲ, ಆಮೇಲೆ "ನಮ್ಮಪ್ಪ ಹಿಂಗೇ ಬಿತ್ತೋರು ಕಣಮ್ಮ" ಅಂದ್ರು. ಅವತ್ತೇ ದುಡ್ಡು ಕಟ್ಟಿ ಬಂದ್ವಿ.

ಅವರೆ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಈ ಷೇರು ನಾನು ಬಿಡದೇ ಇರೋದಕ್ಕೆ ಮೊದಲ ಕಾರಣ ಅದೇ. ಮಾರ್ಕೆಟ್ಟಲ್ಲಿ ಈಗ ಯಾವ ಕಾಲದಲ್ಲಾದ್ರೂ ಅವರೆಕಾಯಿ ಸಿಗತ್ತೆ, ಹೆಬ್ಬಾಳ ಅವರೆ ಅಂತ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟಿರೋ ತಳಿಗಳಿಗೆ ಹಗಲು ಉದ್ದ ಇದ್ರೂ ಗಿಡ್ಡ ಇದ್ರೂ ಹೂ ಬಿಡೋಕೆ ತೊಂದರೆ ಇಲ್ಲ, ರೈತರಿಗೆ ಅದು ಒಳ್ಳೇದೇ, ಆದ್ರೆ ನಾಟಿ ಅವರೆ ಹಾಗಲ್ಲ, ಹಗಲು ಕಮ್ಮಿ ಆಗಿ ರಾತ್ರಿ ಜಾಸ್ತಿ ಆದ ಮೇಲೇ ಹೂ ಬಿಡೋದು, ಇಬ್ಬನಿ ಬೀಳೋ ಹೊತ್ತಿಗೆ ಕಾಯಿ ತುಂಬಿ ಸೊಗಡು ಏರತ್ತೆ. ಚೀಲ ಬಿಚ್ಚೋಕೆ ಮುಂಚೆನೇ ಲಿಫ್ಟ್ ತುಂಬಾ ವಾಸನೆ. ಪೇಪರ್ ಹಾಸಿ ಸುತ್ತ ಕೂತ್ರೆ ಕಾಲು ಗಂಟೆಗೆ ಬೆರಳೆಲ್ಲ ಅಂಟಂಟು, ಸೋಪು ಹಾಕಿ ತೊಳೆದ್ರೂ ಸಂಜೆವರೆಗೂ ಆ ಘಮ ಹೋಗಲ್ಲ. ಹುಳ ಇರತ್ತೆ, ಕಾಯಿ ಬಿಡಿಸುವಾಗ ನೋಡಿ ತೆಗೀಬೇಕು. ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಹಿತುಕಿದ್ರೆ ಬೇಳೆ ಚಂಗಂತ ಪಾತ್ರೆಗೆ ಹಾರತ್ತೆ, ನನ್ನ ಮಗಳಿಗೆ ಈ ಕೆಲಸಕ್ಕೆ ಕರೆಯೋದೇ ಬೇಡ, ಅವಳೇ ಬಂದು ಕೂರ್ತಾಳೆ. ಹಿತಕಿದಬೇಳೆ ಸಾರು, ಬಿಸಿ ಮುದ್ದೆ, ಮೇಲೊಂದು ಚಮಚ ತುಪ್ಪ. ಸಂಕ್ರಾಂತಿ ವಾರದ ಚೀಲದಲ್ಲಿ ಅವರೆ ಜೊತೆ ಗೆಣಸು, ಹಸಿ ಕಡಲೆಕಾಯಿನೂ ಇರತ್ತೆ, ಮೂರನ್ನೂ ಉಪ್ಪು ಹಾಕಿ ಬೇಯಿಸಿ ಮಧ್ಯಾಹ್ನ ಅದನ್ನೇ ತಿಂತೀವಿ.

ಈಗ ಕಷ್ಟದ ವಿಷಯ. ಎರಡನೇ ವರ್ಷ ಏಪ್ರಿಲ್ ಕೊನೇಲಿ ಆಲಿಕಲ್ಲು ಮಳೆ ಬಿತ್ತು, ಟೊಮೇಟೊ, ಬದನೆ ಎಲ್ಲಾ ನೆಲಕಚ್ಚಿತು, ಮಾವು ಆ ವರ್ಷ ಮೊದಲೇ ಕಮ್ಮಿ ಕಚ್ಚಿತ್ತು, ಅದೂ ಅರ್ಧ ಉದುರಿಹೋಯ್ತು. ಹಿಂದಿನ ವರ್ಷ ಹುಲ್ಲಲ್ಲಿ ಇಟ್ಟು ಮಾಗಿಸೋಕೆ ಅಂತ ಎರಡು ಬಾಕ್ಸ್ ಬಾದಾಮಿ, ಒಂದು ಬಾಕ್ಸ್ ರಸಪುರಿ ಬಂದಿತ್ತು, ಆ ವರ್ಷ ಹತ್ತು ಹಣ್ಣು. ಆರು ವಾರ ಚೀಲದಲ್ಲಿ ಸೋರೆಕಾಯಿ, ಸೌತೆ, ಕುಂಬಳ ಬಿಟ್ರೆ ಹೆಚ್ಚೇನೂ ಇರಲಿಲ್ಲ. ನನಗೆ ಬೇಜಾರಾಗಿ ಫೋನ್ ಮಾಡಿದ್ದಕ್ಕೆ ತೋಟದವರ ಮನೆಯಾಕೆ "ಅಕ್ಕ, ನಮ್ಮನೇಲೂ ಅದೇ ಸೋರೆಕಾಯಿನೇ ಉಣ್ತಿರೋದು" ಅಂದ್ರು. ಅಷ್ಟು ಹೇಳಿದ ಮೇಲೆ ನನಗೆ ಕೇಳೋಕೆ ಏನೂ ಉಳಿದಿರಲಿಲ್ಲ. ಷೇರು ಅಂದ್ರೆ ಬೆಳೆ ಬಂದಾಗ ಪಾಲು, ಹೋದಾಗಲೂ ಪಾಲು, ಇದು ಒಪ್ಪಿಗೆ ಆಗದೇ ಇರೋರು ದಯವಿಟ್ಟು ಸೇರಬೇಡಿ, ಆಮೇಲೆ ಜಗಳ ಆಗತ್ತೆ.

ಇನ್ನು ಸಣ್ಣಪುಟ್ಟ ತೊಂದರೆ ಅಂದ್ರೆ ಟೊಮೇಟೊ ಕೆಲವು ಸಲ ಚೀಲದ ತಳಕ್ಕೆ ಸಿಕ್ಕಿ ಒಡೆದಿರತ್ತೆ, ಊರಿಗೆ ಹೋದ ವಾರದ ದುಡ್ಡು ಕಳೆಯಲ್ಲ (ನಾವು ಪಕ್ಕದ ಮನೆಯವರಿಗೆ ಕೊಡ್ತೀವಿ), ಈರುಳ್ಳಿ ಆಲೂಗಡ್ಡೆ ಹೊರಗಡೆನೇ ತರಬೇಕು. ರೇಟು ಅಂಗಡಿಗಿಂತ ಜಾಸ್ತಿನೇ, ಅದನ್ನ ಮುಚ್ಚಿಡಲ್ಲ. ಇಬ್ಬರೇ ಇರೋ ಮನೆಗೆ ಫುಲ್ ಷೇರು ಬೇಡ, ಅರ್ಧ ಕೇಳಿ, ಕೊಡ್ತಾರೆ. ಸೊಪ್ಪು ಬಿಡಿಸೋಕೆ ಶನಿವಾರ ಒಂದು ಗಂಟೆ ಟೈಮ್ ಇಲ್ಲ ಅನ್ನೋರಿಗೆ ಸೊಪ್ಪೆಲ್ಲ ಫ್ರಿಜ್ಜಲ್ಲೇ ಕೊಳೆತು ಹೋಗತ್ತೆ.

ಸೊಪ್ಪು ಅಂದಾಗ ನೆನಪಾಯ್ತು. ಮಳೆ ಹಿಡಿದ ಮೇಲೆ ಎರಡು ಮೂರು ತಿಂಗಳು ಬೆರಕೆ ಸೊಪ್ಪು ಬರತ್ತೆ, ಯಾರೂ ಬಿತ್ತಿದ್ದಲ್ಲ, ಹೊಲದಲ್ಲಿ ತಾನಾಗೇ ಹುಟ್ಟಿದ್ದನ್ನ ಕಿತ್ತು ಕಟ್ಟಿ ಕಳಿಸ್ತಾರೆ. ಮೊದಲ ಸಲ ನೋಡಿ ಇದು ಕಳೆ ಅಂತ ನಾನು ಎತ್ತಿಡ್ತಿದ್ದೆ, ನಮ್ಮತ್ತೆ ಕಿತ್ಕೊಂಡು ಒಂದೊಂದೇ ಬೇರೆ ಮಾಡಿ ಹೆಸರು ಹೇಳಿದ್ರು, ಇದು ಅಣ್ಣೆ, ಇದು ಗಣಿಕೆ, ಇದು ಹೊನಗೊನೆ, ಇದು ಕೀರೆ. ಅವತ್ತು ಮಾಡಿದ ಬಸ್ಸಾರು ಮಾರನೇ ದಿನಕ್ಕೆ ಇನ್ನೂ ರುಚಿಯಾಗಿತ್ತು. ಮೊನ್ನೆ ಶನಿವಾರದ ಕಟ್ಟನ್ನ ಬಿಡಿಸಿದ್ದು ಮಗಳು, ಗಣಿಕೆ ಕಪ್ಪು ಹಣ್ಣು ನಾಲ್ಕು ಕಿತ್ತು ಬಾಯಿಗೆ ಹಾಕ್ಕೊಂಡು, ಕಟ್ಟಲ್ಲಿದ್ದ ಇನ್ನೊಂದು ಸೊಪ್ಪನ್ನ ಅಜ್ಜಿ ಮುಂದೆ ಹಿಡಿದು "ಇದು ಅಣ್ಣೆ ಅಲ್ವಾ ಅಜ್ಜಿ" ಅಂದ್ಲು. ಹೌದು, ಅಣ್ಣೆನೇ.